ಸೂಲಗಿತ್ತಿ ಕಳಕವ್ವನ ದಮಣಿ

ಅಸೂಟಿಯ ಸೂಲಗಿತ್ತಿ ಕಳಕವ್ವ ದೊಡ್ಡಸ್ತಿಕೆಯ ಹುಚ್ಚು ಹಿಡಿದು ದಮಣಿ ಕೊಂಡಳು ಎಂದು ಹೇಳುವವರು ಆ ಕಾಲದಲ್ಲೂ ಇದ್ದರು, ಅನಂತರವೂ ಇದ್ದಾರೆ. ಅದು ಶುದ್ಧ ಸುಳ್ಳು. ಆಕೆ ದಮಣಿ ಕೊಂಡದ್ದು ಶಾಲಿವಾಹನ ಶಕ ೧೭೭೭, ರಾಕ್ಷಸನಾಮ ಸಂವತ್ಸರದ ಕಾರ್ತಿಕ ಮಾಸದಲ್ಲಿ, ಅಂದರೆ ಕ್ರಿಸ್ತಶಕ ೧೮೫೫ರ ನವೆಂಬರಿನಲ್ಲಿ. ಅದಕ್ಕೆ ಕಾರಣವಾದದ್ದು ಹಿಂದಿನ ತಿಂಗಳು ಹೊಳೆಆಲೂರಿನಲ್ಲಿ ನಡೆದ ಒಂದು ಹೆರಿಗೆ. ಕಾರಣವನ್ನು ಬಿಟ್ಟು ಕಾರ್ಯವನ್ನು ಮಾತ್ರ ಹೇಳಿದರೆ ಯಾರನ್ನು ಬೇಕಾದರೂ ಹುಚ್ಚರೆಂದು ತೋರಿಸಬಹುದು.

ದಮಣಿಯೆಂದರೆ ಹೊಲದ ಚಕ್ಕಡಿಯಲ್ಲ. ಕಾಳು, ಗೊಬ್ಬರ ಹೇರದೆ ಜನ ಕೂತು ಹೋಗುವುದಕ್ಕೆಂದೇ ಮಾಡಿದ, ಮೇಲೆ ಕಮಾನು ಹೊದಿಸಿದ, ಹಗುರಾದ ಎರಡು ಗಾಲಿಯ ಗಾಡಿ. ಆ ಸೀಮೆಯಲ್ಲಿ ಅದನ್ನು ಇಟ್ಟುಕೊಂಡವರು ದೇಸಾಯರು, ಇನಾಮದಾರರು, ದೊಡ್ಡ ಗೌಡರು. ಅರವತ್ತಕ್ಕೆ ನಾಲ್ಕು ವರ್ಷ ಕಡಿಮೆಯಿದ್ದ ಒಬ್ಬ ವಿಧವೆ ಸೂಲಗಿತ್ತಿ ದಮಣಿ ಇಟ್ಟುಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಹೆರಿಗೆಗೆ ಕರೆಯಲು ಬರುವವರು ಚಕ್ಕಡಿ ಹೂಡಿಕೊಂಡೇ ಬರುತ್ತಿದ್ದರು, ಅವಸರ ಅವರದು. ಹಿಂದಕ್ಕೆ ಕಳಿಸುವಾಗ ಮಾತ್ರ ಒಂದು ಪದ್ಧತಿಯಿತ್ತು. ಗಂಡು ಹುಟ್ಟಿದರೆ ಸೂಲಗಿತ್ತಿಗೆ ಹೊಸ ಸೀರೆ, ಮೊರದ ತುಂಬ ಜೋಳ, ಮನೆಯ ಬಾಗಿಲವರೆಗೆ ಚಕ್ಕಡಿ. ಹೆಣ್ಣು ಹುಟ್ಟಿದರೆ ಬಾಣಂತಿಯ ಹಳೆಯ ಸೀರೆ, ಒಂದು ಬೊಗಸೆ ಜೋಳ. ಮನೆ ಮುಟ್ಟುವುದಕ್ಕೆ ಆಕೆಯ ಸ್ವಂತ ಕಾಲು. ಹೆರಿಗೆ ಎಷ್ಟು ಕಠಿಣವಾಗಿತ್ತು, ಎಷ್ಟು ಹೊತ್ತು ಹಿಡಿಯಿತು, ಎರಡು ಜೀವ ಹೇಗೆ ಉಳಿದವು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಮೂವತ್ತೊಂದು ವರ್ಷ ಕಳಕವ್ವ ಈ ಪದ್ಧತಿಯನ್ನು ಬಿಸಿಲು ಮಳೆಗಳಂತೆ ಸಹಿಸಿಕೊಂಡು ಬಂದಿದ್ದಳು.

ಹೊಳೆಆಲೂರಿನ ಅರಳೆ ವ್ಯಾಪಾರಿ ಪ್ರಭುಲಿಂಗಪ್ಪನ ಸೊಸೆಯ ಹೊಟ್ಟೆಯಲ್ಲಿ ಕೂಸು ಅಡ್ಡ ಬಿದ್ದಿತ್ತು. ಒಂದು ಹಗಲು, ಒಂದು ರಾತ್ರಿ ಕಳಕವ್ವ ಮಂಡಿಯೂರಿ ಕೂತು, ಅಂಗೈಯ ಒತ್ತಡದಿಂದಲೇ ಕೂಸನ್ನು ಹೊರಳಿಸಿ, ಮುಂಜಾನೆ ಹೊತ್ತಿಗೆ ತಾಯಿಯನ್ನೂ ಕೂಸನ್ನೂ ಉಳಿಸಿದಳು. ಕೈ ತೊಳೆದುಕೊಂಡು ಹೊರಗೆ ಬಂದಾಗ, ಅಂಗಳದಲ್ಲಿ ಹೂಡಿ ನಿಲ್ಲಿಸಿದ್ದ ಚಕ್ಕಡಿಯ ಎತ್ತುಗಳನ್ನು ಆಳು ಬಿಚ್ಚುತ್ತಿದ್ದ.

"ಯಪ್ಪಾ, ಎತ್ತು ಯಾಕ ಬಿಚ್ಚಾಕತ್ತಿ?"

"ಹೆಣ್ಣಂತಲ್ಲ, ಯವ್ವಾ."

"ಹೆಣ್ಣು ಹುಟ್ಟಿದರ ನನ್ನ ಕಾಲಿಗೆ ಹರೇ ಬರತೈತೇನು?"

ಆಳು ನಕ್ಕ. ಅವನನ್ನು ಬೈದು ಫಲವಿಲ್ಲ. ಅವನು ಬಿಚ್ಚೆಂದರೆ ಬಿಚ್ಚುವವನು, ಹೂಡೆಂದರೆ ಹೂಡುವವನು. ಪ್ರಭುಲಿಂಗಪ್ಪ ಒಳಗೆ ಕಂಬಕ್ಕೆ ಒರಗಿ ಕೂತಿದ್ದ. ಸೊಸೆ ಉಳಿದಳೆಂಬ ಸಮಾಧಾನಕ್ಕಿಂತ ಹುಟ್ಟಿದ್ದು ಹೆಣ್ಣೆಂಬ ಬೇಸರವೇ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕಳಕವ್ವ ಹಳೆಯ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಹಿಂಗಾರಿ ಮಳೆ ಬಿದ್ದು ಎರೆಮಣ್ಣು ಹಸಿಯಾಗಿತ್ತು. ಹೆಜ್ಜೆಹೆಜ್ಜೆಗೂ ಪಾದಕ್ಕೆ ಮಣ್ಣು ಮೆತ್ತಿ ಕಾಲು ಒರಳುಕಲ್ಲಿನಷ್ಟು ಭಾರವಾಗುತ್ತಿತ್ತು. ನಡುವಿನ ಹಳ್ಳದಲ್ಲಿ ಜಾರಿ ಬಿದ್ದಳು. ಎಡ ಮೊಣಕಾಲು ಕಲ್ಲಿಗೆ ಬಡಿಯಿತು. ನೀರಿನಲ್ಲಿ ಕೂತುಕೊಂಡೇ ಆಕೆ ಒಂದು ಮಾತು ಗಟ್ಟಿಮಾಡಿಕೊಂಡಳು. ಇನ್ನು ಮುಂದೆ ತಾನು ಯಾರ ಚಕ್ಕಡಿಯನ್ನೂ ಹತ್ತುವುದಿಲ್ಲ; ಹೋಗುವುದಾದರೂ ತಿರುಗಿ ಬರುವುದಾದರೂ ತನ್ನ ಗಾಡಿಯಲ್ಲಿ ಕೂತೇ.

ಗಾಡಿ ಎಲ್ಲಿದೆ ಎಂಬುದು ಆಕೆಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗಜೇಂದ್ರಗಡದಲ್ಲಿ ನೇಕಾರರ ಮನೆಯೊಂದಕ್ಕೆ ಹೆರಿಗೆಗೆ ಹೋದಾಗ, ಪಕ್ಕದ ಜಮಾದಾರರ ಮನೆಯ ಹಿತ್ತಲಲ್ಲಿ ಒಂದು ಹಳೆಯ ದಮಣಿಯನ್ನು ಕಂಡಿದ್ದಳು. ಒಂದು ಕಾಲದಲ್ಲಿ ಕೋಟೆಯ ಕಾವಲಿನವರ ಮನೆ ಅದು. ಈಗ ಅಲ್ಲಿ ಇದ್ದವಳು ಮುದುಕಿ ಕಮರುನ್ನಿಸಾ ಒಬ್ಬಳೇ. ದಮಣಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ದೀಪಾವಳಿ ಕಳೆದ ಮೂರನೆಯ ದಿನ ಕಳಕವ್ವ ಕುಂಟುತ್ತಲೇ ಗಜೇಂದ್ರಗಡಕ್ಕೆ ಹೋದಳು.

"ಬೀಬಿಸಾಬರ, ಈ ದಮಣಿ ಕೊಡ್ತೀರೇನ್ರಿ?"

ಕಮರುನ್ನಿಸಾ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ದೇಸಾಯರು ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ರಿ. ನನಗ ಬೇಕು."

"ನಿನಗ? ಒಲಿಗೆ ಹಾಕಾಕ?"

"ಕೂಡಾಕ."

ಮುದುಕಿ, ಕಾವಿಗೆ ಕೂತಿದ್ದ ಕೋಳಿಯನ್ನು ತಾನೇ ಎತ್ತಿ ಕೆಳಗೆ ಬಿಟ್ಟಳು. "ಇದರಾಗ ಕೂತು ನಾನು ಈ ಮನಿಗೆ ಮದುವಿ ಆಗಿ ಬಂದೆ. ಪರದೆ ಸರಿಸಿ ಹೊರಗ ನೋಡಬ್ಯಾಡ ಅಂತ ನಮ್ಮತ್ತಿ ಹೇಳಿದ್ಲು. ನೋಡಿದೆ. ಗುಡ್ಡ ಭಾಳ ಚಲೋ ಕಂಡಿತು. ಒಯ್ಯಿ. ಆದರ ಒಂದು ಮಾತು: ಪರದೆ ಕಟ್ಟಬ್ಯಾಡ."

ಕಳಕವ್ವ ತನ್ನ ತಾಯಿಯಿಂದ ಬಂದ ಎರಡು ಬೆಳ್ಳಿ ವಂಕಿಗಳನ್ನು ತೋಳಿನಿಂದ ತೆಗೆದು ಕೊಟ್ಟಳು. ವ್ಯವಹಾರ ಅಷ್ಟೇ. ಆಕೆ ಮುದುಕಿಯನ್ನು ಪುಸಲಾಯಿಸಿ ಬಿಟ್ಟಿ ಹೊಡೆದುಕೊಂಡು ಬಂದಳೆಂಬ ಮಾತಿಗೂ ಆಧಾರವಿಲ್ಲ. ದಮಣಿಯನ್ನು ಕಳಚಿ, ಹೊಳೆಆಲೂರಿನ ಸಂತೆಗೆ ಸೀರೆ ಒಯ್ಯುತ್ತಿದ್ದ ನೇಕಾರರ ಎರಡು ಚಕ್ಕಡಿಗಳ ಮೇಲೆ ಹೇರಿಸಿ, ತಾನು ಹತ್ತದೆ ಜೊತೆಗೆ ನಡೆದು, ಅಸೂಟಿಗೆ ತಂದಳು.

ತಂದು ಇಳಿಸಿದ್ದು ನಾಲಬಂದ ರಮಜಾನಸಾಬನ ಅಂಗಳದಲ್ಲಿ. ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಕಟ್ಟುವುದು ಅವನ ಕಸುಬು. ಅವನ ಮನೆಯಿದ್ದದ್ದು ಅಗಸಿಯ ಹೊರಗೆ, ಅಂದರೆ ಊರಬಾಗಿಲಿನಿಂದ ಕೂಗಳತೆಯಲ್ಲಿ. ಅವನ ಹೆಂಡತಿ ಜಮಾಲಬಿಗೆ ಐದು ಹೆರಿಗೆ ಮಾಡಿಸಿದವಳು ಕಳಕವ್ವ, ಐದೂ ಹೆಣ್ಣು. ಐದು ಸಲವೂ ರಮಜಾನಸಾಬ ಗಂಟನ್ನು ತಾನೇ ಹೊತ್ತುಕೊಂಡು, ಆಕೆಯ ಜೊತೆಗೆ ನಡೆದು, ಮನೆ ಮುಟ್ಟಿಸಿ ಬಂದಿದ್ದ.

ಅವನು ದಮಣಿಯ ಸುತ್ತ ಎರಡು ಸುತ್ತು ಬಂದ. ಒಂದು ಗಾಲಿಯ ಹಳಿ, ಅಂದರೆ ಸುತ್ತಲಿನ ಕಬ್ಬಿಣದ ಪಟ್ಟಿ, ತುಕ್ಕು ತಿಂದು ಹಪ್ಪಳದಂತಾಗಿತ್ತು. ಇನ್ನೊಂದಕ್ಕೆ ಹಳಿಯೇ ಇರಲಿಲ್ಲ. ಗಾಲಿಯ ಕಡ್ಡಿಗಳಾದ ಅರಕಾಲುಗಳಲ್ಲಿ ಮೂರು ಮುರಿದಿದ್ದವು. ಕಮಾನಿನ ಬಿದಿರು ಹುಳ ಹಿಡಿದು ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಅಚ್ಚು ಮತ್ತು ನೊಗ ಮಾತ್ರ ಗಟ್ಟಿಯಾಗಿದ್ದವು.

"ಯಕ್ಕಾ, ಇದಕ್ಕ ನಾಲಬಂದ ಅಲ್ಲ, ಗೋರಿ ತೋಡಾವ ಬೇಕು."

"ಅಂವ ಸಿಗಲಿಲ್ಲ ತಮ್ಮಾ, ಅದಕ್ಕ ನಿನ್ನ ಕಡಿಗೆ ಬಂದೆ."

ಜಮಾಲಬಿ ಒಳಗಿನಿಂದ ನಕ್ಕಳು. ರಮಜಾನಸಾಬ ತಲೆ ಕೆರೆದುಕೊಂಡು, ಕಟ್ಟಿಗೆ ಕೆಲಸಕ್ಕೆ ಬಡಿಗೇರ ಅಜ್ಜಪ್ಪ ಬಂದರೆ ಕಬ್ಬಿಣದ ಕೆಲಸ ತನಗಿರಲಿ ಎಂದ.

ಅಜ್ಜಪ್ಪ ಬರಲಿಲ್ಲ. ಅವನು ಊರ ಆಯಗಾರ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಇಷ್ಟು ಕಾಳೆಂದು ಗೊತ್ತುಮಾಡಿತ್ತು. ಆಯವೆನ್ನುವ ಆ ಪಾಲನ್ನು, ಬಡಿಗನಿಗಾಗಲಿ ಸೂಲಗಿತ್ತಿಗಾಗಲಿ, ಅಳೆಸುವವನು ಗೌಡ. ಸುದ್ದಿ ಅಷ್ಟು ಹೊತ್ತಿಗೆ ಗೌಡ ಅಂದಾನೆಪ್ಪನ ಕಿವಿಗೆ ಬಿದ್ದಿತ್ತು. ಆ ಗಾಡಿಗೆ ಯಾವ ಆಯಗಾರನೂ ಕೈ ಹಚ್ಚಕೂಡದೆಂದು ಅವನು ಹೇಳಿಕಳಿಸಿದ್ದ. ಮರುದಿನ ಕಳಕವ್ವನನ್ನೂ ತನ್ನ ಕಟ್ಟೆಗೆ ಕರೆಸಿದ.

"ಕಳಕವ್ವಾ, ನಮ್ಮೂರಾಗ ದಮಣಿ ಎಷ್ಟದಾವ?"

"ಒಂದೈತ್ರಿ. ನಿಮ್ಮದು."

"ಯಾಕ ಒಂದ ಐತಿ?"

"ಎರಡನೇದರ ಗಾಲಿ ಇನ್ನಾ ಕೂಡಿಲ್ರಿ."

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಕೆಮ್ಮಿದಂತೆ ಮಾಡಿ ನಗೆ ನುಂಗಿಕೊಂಡ. ಗೌಡನ ಮೀಸೆ ನಡುಗಿತು. "ನೋಡು, ನಮ್ಮ ಮನಿ ಮುಂದ ಗಾಡ್ಯಾಗ ಕೂತು ಹಾದು ಹೋದವರು ಇಲ್ಲ. ಕುದುರಿ ಮ್ಯಾಲ ಬಂದವರೂ ಅಗಸ್ಯಾಗ ಇಳಿದಾರ. ನೀ ಕಟ್ಟಿಕೊಂಡರ ಕಟ್ಟಿಕೋ, ಅಗಸಿ ಹೊರಗ ಇಟ್ಟುಕೋ. ಒಳಗ ಕೂತು ಬಂದಿ ಅಂದರ ನಿನ್ನ ಆಯ ನಿಲ್ಲತೈತಿ. ಊರಿಗೆ ಬ್ಯಾರೆ ಸೂಲಗಿತ್ತಿ ಬರ್ತಾಳ."

"ಬರಲ್ರಿ. ಹೆಣ್ಣು ಹುಟ್ಟಿದರ ಆಕೀನೂ ನಡಕೊಂತ ಹೋಗಾಕ ಬೇಕಲ್ಲ. ಎಷ್ಟು ದಿನಾ ಇರ್ತಾಳ ನೋಡೂಣು."

ಗೌಡ ಹೇಳಿದ ನಿಯಮ ಯಾವ ಕಾಗದದಲ್ಲೂ ಇರಲಿಲ್ಲ. ಎರಡು ವರ್ಷದ ಹಿಂದೆ ಕುಂಪಣಿ ಸರಕಾರದ ಅಳತೆಯ ಅಧಿಕಾರಿಯೊಬ್ಬ ಕುದುರೆಯಿಂದ ಇಳಿಯದೆ ಅಗಸಿಯನ್ನು ದಾಟಿ, ಗೌಡನ ಬಾಗಿಲಿನವರೆಗೆ ಬಂದಿದ್ದ. ಅಂದು ಲಗಾಮು ಹಿಡಿದುಕೊಂಡು ಮುಂದೆ ನಡೆದವನು ಅಂದಾನೆಪ್ಪನೇ. ಕಟ್ಟೆಯ ಮೇಲೆ ಕೂತವರಿಗೆಲ್ಲ ಇದು ನೆನಪಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ.

ಕೆಲಸ ಚಳಿಗಾಲವಿಡೀ ನಡೆಯಿತು. ಕಳಕವ್ವ ತನ್ನ ಹೊಲದ ಬದುವಿನಲ್ಲಿ ಕಡಿದು ಒಣಗಿಸಿದ್ದ ಜಾಲಿಯ ಕೊರಡನ್ನು ತರಿಸಿದಳು. ಮುಂಜಾನೆ ಇಬ್ಬನಿ ಆರುವುದರೊಳಗೆ ರಮಜಾನಸಾಬನ ಅಂಗಳಕ್ಕೆ ಬಂದು, ಕಾಲು ಚಾಚಿ ಕೂತು, ಗಾಲಿಯ ತುಂಡುಗಳನ್ನು ಒಂದೊಂದಾಗಿ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ನಾಲ ಕಟ್ಟಿಸಲು ಬಂದ ರೈತರು ಎತ್ತನ್ನು ಕೆಡವಿ ಕಾಲು ಬಿಗಿಯುವ ಬಿಡುವಿನಲ್ಲಿ ಆಕೆಯನ್ನು ಕಾಡದೆ ಇರುತ್ತಿರಲಿಲ್ಲ.

"ಏನಬೇ ಕಳಕವ್ವಾ, ದೇಸಗತ್ತಿ ಯಾವಾಗ ಬಂತು?"

"ನಿನ್ನ ಹೊಕ್ಕಳ ಕೊಯ್ದ ದಿನಾನ ಬಂತು. ನಿಮ್ಮವ್ವ ಹೇಳಿಲ್ಲೇನು?"

ಮುರಿದ ಅರಕಾಲುಗಳ ಜಾಗಕ್ಕೆ ಹೊಸವನ್ನು ರಮಜಾನಸಾಬನೇ ಬಾಚಿಯಿಂದ ಕೆತ್ತಿದ. ಮೊದಲ ಎರಡು ಕೆಟ್ಟವು. ಮೂರನೆಯದರಿಂದ ಕೈ ಕುದುರಿತು. ಗಾಲಿಗಳು ಕೂಡಿಕೊಂಡಮೇಲೆ ಹಳಿಯ ಸರದಿ. ಇಲ್ಲಿ ಒಂದು ತಪ್ಪಾಯಿತು. ತಪ್ಪನ್ನು ಮುಚ್ಚಿಟ್ಟು ಕಥೆ ಹೇಳುವುದು ಸರಿಯಲ್ಲ.

ರಮಜಾನಸಾಬ ಇಪ್ಪತ್ತಾರು ವರ್ಷ ಎತ್ತಿಗೆ ನಾಲ ಕಟ್ಟಿದವನು. ಗೊರಸಿನ ಅಳತೆಗೆ ಸರಿಯಾಗಿ ನಾಲ ಬಡಿಯುವುದು ಅವನ ಕೈಗೆ ಹತ್ತಿದ ವಿದ್ಯೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಎತ್ತು ಕುಂಟುತ್ತದೆ. ಅದೇ ರೂಢಿಯಲ್ಲಿ ಗಾಲಿಯ ಸುತ್ತಳತೆಯನ್ನು ಹುರಿಯಿಂದ ಅಳೆದು, ಆ ಹುರಿಗೆ ಸರಿಯಾಗಿ ಕಬ್ಬಿಣದ ಪಟ್ಟಿಯನ್ನು ಕಡಿದು, ಕಾಯಿಸಿ, ತುದಿಗಳನ್ನು ಬೆಸೆದು ಬಳೆ ಮಾಡಿದ. ಕುಳ್ಳಿನ ಬೆಂಕಿಯಲ್ಲಿ ಆ ಬಳೆಯನ್ನು ಕೆಂಪಗೆ ಕಾಯಿಸಿದರು. ನೆಲದ ಮೇಲೆ ಮಲಗಿಸಿದ ಗಾಲಿಗೆ ಅದನ್ನು ಇಕ್ಕಳಗಳಿಂದ ತೊಡಿಸಿ, ಕಳಕವ್ವ, ಜಮಾಲಬಿ ಇಬ್ಬರೂ ಕೊಡಗಟ್ಟಲೆ ನೀರು ಸುರಿದರು. ಹಳಿ ಸುಂದರವಾಗಿ ಕೂತಿತು. ನಾಲ್ಕು ದಿನ ಚಳಿಗಾಳಿಗೆ ಕಟ್ಟಿಗೆ ಒಣಗಿತು. ಐದನೆಯ ದಿನ ಗಾಲಿಯನ್ನು ಉರುಳಿಸಿ ನೋಡಿದಾಗ ಹಳಿ ಗಾಲಿಯನ್ನು ಬಿಟ್ಟು ತಾನೇ ಮುಂದೆ ಓಡಿತು. ಇಳಿಜಾರಿನಲ್ಲಿ ಗಣಗಣ ಸದ್ದು ಮಾಡುತ್ತ, ಅಗಸಿಯೊಳಗೆ ನುಗ್ಗಿ, ಗೌಡನ ಕಟ್ಟೆಗೆ ಬಡಿದು, ಕುಣಿಕುಣಿದು ಮಲಗಿತು.

ಊರು ನಕ್ಕದ್ದು ನಿಜ. "ಕಳಕವ್ವನ ದಮಣಿ ಅಗಸಿ ಒಳಗ ಬಂತಲ್ಲೋ, ಕಳಕವ್ವ ಒಬ್ಬಾಕಿ ಹಿಂದ ಉಳದ್ಲು!" ಎಂದು ಕಟ್ಟೆಯಿಂದ ಕೂಗಿದರು. ಆಕೆ ಕುಂಟುತ್ತ ಹೋಗಿ, ಎಲ್ಲರ ಎದುರಿಗೇ ಆ ಹಳಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. "ಹಾದಿ ನೋಡಿ ಬಂದೈತ್ರಿ. ನಾಳಿಗೆ ನನ್ನ ಕರಕೊಂಡು ಬರ್ತೈತಿ" ಎಂದು ಹೇಳಿ ಹಿಂದಿರುಗಿದಳು.

ಆ ದಿನ ಸಂಜೆ ಬಡಿಗೇರ ಅಜ್ಜಪ್ಪ ಬಂದ. ಕಳಕವ್ವನನ್ನು ನೋಡಲಿಲ್ಲ, ರಮಜಾನಸಾಬನನ್ನೂ ನೋಡಲಿಲ್ಲ. ಅಂಗಳದಂಚಿನ ಬೇವಿನ ಮರದ ಬುಡದಲ್ಲಿ, ಅವರಿಗೆ ಬೆನ್ನು ಮಾಡಿ ಕೂತು, ಎಲೆಯಡಿಕೆ ಹಾಕಿಕೊಂಡ. ಅನಂತರ ಮರದೊಡನೆ ಮಾತನಾಡತೊಡಗಿದ.

"ಏ ಬೇವಪ್ಪಾ, ನಿನಗ ಒಂದು ಮಾತು ಹೇಳ್ತೀನಿ ಕೇಳು. ಗೊರಸಿಗೆ ನಾಲ ಸರಿ ಅಳತಿ. ಗಾಲಿಗೆ ಹಳಿ ಒಂದು ಬೆರಳು ಕಡಿಮಿ. ಗಾಲಿ ಹಳೇದಿದ್ದರ ಒಂದೂವರಿ ಬೆರಳು. ಕಾದ ಕಬ್ಬಿಣ ಹಿಗ್ಗತೈತಿ, ತಣ್ಣಗಾದಾಗ ಕುಗ್ಗಿ ಗಾಲೀನ ಬಿಗಿಯಾಗಿ ತಬ್ಬತೈತಿ. ಸರಿ ಅಳತಿ ಮಾಡಿದರ ಕುಗ್ಗಿ ಏನು ತಬ್ಬಬೇಕು, ಗಾಳೀನೇನು?"

ರಮಜಾನಸಾಬ ಹಣೆ ಚಚ್ಚಿಕೊಂಡ. ಕಳಕವ್ವ ಕೇಳಿದಳು: "ಅಜ್ಜಪ್ಪಣ್ಣಾ, ಗೌಡ್ರು ಬ್ಯಾಡ ಅಂದಿದ್ದರಲ್ಲ?"

ಅಜ್ಜಪ್ಪ ತಿರುಗಲಿಲ್ಲ. "ಬೇವಪ್ಪಾ, ಯಾರೋ ಕೇಳಾಕತ್ತಾರ. ಹೇಳಿಬಿಡು. ಕೈ ಹಚ್ಚಬ್ಯಾಡ ಅಂದಾರ, ಬಾಯಿ ಹಚ್ಚಬ್ಯಾಡ ಅಂದಿಲ್ಲ. ಆ ಹಳಿ ಹಿಂಗ ಅಡ್ಡಾದಿಡ್ಡಿ ಓಡೂದು ನೋಡಿದರ ನನಗ ಅನ್ನ ಇಳಿಯೂದಿಲ್ಲ ಅಂತ ಹೇಳು."

ಅಂದಿನಿಂದ ಒಂದು ದಿನ ಬಿಟ್ಟು ಒಂದು ದಿನ ಅಜ್ಜಪ್ಪ ಬೇವಿನ ಮರಕ್ಕೆ ಬಡಗಿತನ ಕಲಿಸಿದ. ಮರ ಕಲಿಯಿತೋ ಇಲ್ಲವೋ, ಪುಷ್ಯ ಮಾಸದ ಕೊನೆಗೆ ದಮಣಿಯ ಎರಡು ಗಾಲಿಗಳೂ ಗಟ್ಟಿಯಾಗಿ ನಿಂತವು. ಒಂದೂವರೆ ಬೆರಳು ಕಡಿಮೆ ಮಾಡಿದ ಹಳಿ ತಣ್ಣಗಾಗುವಾಗ ಗಾಲಿಯ ಕೀಲುಗಳೆಲ್ಲ ಕಿರ್ರೆಂದು ಒಂದಾದ ಸದ್ದನ್ನು ಕೇಳಿ ಕಳಕವ್ವ, "ಎಲುಬು ಕೂಡಿತು" ಎಂದಳು.

ಇನ್ನು ಕಮಾನಿನ ಹೊದಿಕೆ. ಆಕೆಯ ಮನೆಯಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ ಹಳೆಯ ಸೀರೆಗಳಿದ್ದವು. ಗಂಡು ಹೆತ್ತವರು ಕೊಟ್ಟದ್ದು ಹೊಸ ಸೀರೆ. ಅವನ್ನು ಆಕೆ ಉಟ್ಟು ಹರಿದಿದ್ದಳು. ಹೆಣ್ಣು ಹೆತ್ತವರು ಕೊಟ್ಟದ್ದು ಹಳೆಯದು, ಅವು ಉಳಿದಿದ್ದವು. ಹೀಗಾಗಿ ಆ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಆ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಗುರುತೇ. ಒಂದೊಂದರಿಂದ ಅಂಗೈಯಗಲ ತುಂಡು ಕತ್ತರಿಸಿ, ಜಮಾಲಬಿಯೊಡನೆ ಕೂತು, ಆಕೆ ಒಂದು ಕೌದಿ ಹೊಲಿದಳು. ತುಂಡುಗಳು ನೂರಾ ಹದಿನೇಳು. ಜಮಾಲಬಿಯ ಐದು ತುಂಡುಗಳು ಸಾಲಾಗಿ ಮುಂದಿನ ಅಂಚಿಗೆ ಬಂದವು. ಹೊಸ ಬಿದಿರು ಬಗ್ಗಿಸಿ, ಆ ಕೌದಿಯನ್ನು ಹೊದಿಸಿದರು. ಮುಂದೆ ಹಿಂದೆ ಪರದೆ ಕಟ್ಟಲಿಲ್ಲ.

ಎತ್ತುಗಳ ಜೋಡಿಯನ್ನು ನೋಡಿ ಮಾತ್ರ ಯಾರೂ ನಗದೆ ಇರಲು ಸಾಧ್ಯವಿರಲಿಲ್ಲ. ಒಂದು ಕಳಕವ್ವನ ಹೊಲದ ಗಿಡ್ಡ ಕೆಂದೆತ್ತು. ಇನ್ನೊಂದು, ಗೊರಸು ಕೊಳೆತಿದೆಯೆಂದು ಯಾರೋ ಬಿಟ್ಟುಹೋಗಿ, ರಮಜಾನಸಾಬ ಮದ್ದು ಮಾಡಿ ನಾಲ ಕಟ್ಟಿ ಬದುಕಿಸಿದ ಎತ್ತರದ ಬಿಳಿ ಎತ್ತು. ನೊಗ ಒಂದು ಕಡೆಗೆ ವಾಲುತ್ತಿತ್ತು. ಕೆಂದೆತ್ತಿನ ಹೆಗಲಿಗೆ ಚಿಂದಿಯ ಮೆತ್ತೆ ಕಟ್ಟಿ ಸರಿಮಾಡಿದರು. ಹಗ್ಗ ಹಿಡಿಯುವುದನ್ನು ಕಳಕವ್ವ ಎಂಟು ದಿನದಲ್ಲಿ ಕಲಿತಳು. ಊರೊಳಗಿನ ಮನೆಗೆ ನಡೆದುಕೊಂಡೇ ಹೋಗಿಬರುತ್ತಿದ್ದಳು. ದಮಣಿ ರಮಜಾನಸಾಬನ ಅಂಗಳದಲ್ಲೇ ನಿಲ್ಲುತ್ತಿತ್ತು. ಅದು ಅಗಸಿಯನ್ನು ದಾಟಿದರೆ ತಾನು ಅದರಲ್ಲಿ ಕೂತಿರಬೇಕು, ಖಾಲಿ ಗಾಡಿಯನ್ನು ಹಿಡಿದುಕೊಂಡು ಒಳಗೆ ನಡೆಯುವುದಿಲ್ಲ ಎಂಬುದು ಆಕೆಯ ಹಟ.

ಮಾಘ ಮಾಸದಲ್ಲಿ ಹೊಳೆಆಲೂರಿನಿಂದ ಕರೆ ಬಂತು. ಚಕ್ಕಡಿ ಕಳಿಸುತ್ತೇವೆಂದವರಿಗೆ ಬೇಡವೆಂದು ಹೇಳಿ ಆಕೆ ದಮಣಿಯಲ್ಲೇ ಹೋದಳು. ಹೆರಿಗೆ ಸುಲಭವಾಗಿ ಆಯಿತು. ಮರುದಿನ ಹೊತ್ತೇರುವಾಗ ಹೊರಟು ಅರ್ಧ ಹಾದಿ ಬಂದಿದ್ದಳು; ಎದುರಿಗೆ ಗೌಡರ ಆಳು ಕುದುರೆ ಓಡಿಸಿಕೊಂಡು ಬಂದ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಗೌಡನ ಮಗಳು ಬಾಳವ್ವನಿಗೆ ದಿನ ತುಂಬುವ ಮೊದಲೇ ಬೇನೆ ಹತ್ತಿತ್ತು. ಬೇರೆ ಸೂಲಗಿತ್ತಿಯನ್ನು ತರುತ್ತೇನೆಂದ ಗೌಡ ಯಾರನ್ನೂ ತಂದಿರಲಿಲ್ಲ. ಕಳಕವ್ವ ಎತ್ತುಗಳನ್ನು ಓಡಿಸಿದಳು. ಹಳಿಗಳು ಹಿಡಿದ ಹಿಡಿತ ಬಿಡಲಿಲ್ಲ.

ಅಗಸಿಯಲ್ಲಿ ಗೌಡ ಅಂದಾನೆಪ್ಪ ತಾನೇ ನಿಂತಿದ್ದ. ಅವನ ಪಕ್ಕದಲ್ಲಿ ಕೋಲು ಹಿಡಿದ ತಳವಾರ. ದಮಣಿ ಹತ್ತಿರ ಬಂದಾಗ, ರೂಢಿಯಂತೆ, ತಳವಾರ ಕೋಲನ್ನು ಅಡ್ಡ ಹಿಡಿದ.

"ಇಳಿ, ಕಳಕವ್ವಾ. ಲಗೂ ಇಳಿ" ಎಂದ ಗೌಡ. ಅವನ ಧ್ವನಿಯಲ್ಲಿ ಅಪ್ಪಣೆಯೂ ಅಂಗಲಾಚುವಿಕೆಯೂ ಬೆರೆತಿದ್ದವು.

"ಈ ಮೊಣಕಾಲಿನ ಮ್ಯಾಲ ಇಳಿದು ನಡಿಯಾಕ ನನಗ ಅರ್ಧ ತಾಸು ಬೇಕ್ರಿ. ನೀವು ಎಲಿಯಡಿಕಿ ಅಗಿಯೂದರಾಗ ಎತ್ತು ಮುಟ್ಟಸ್ತಾವ. ಬಾಳವ್ವನ ಹೊಟ್ಟ್ಯಾಗಿನ ಕೂಸಿಗೆ ನಿಮ್ಮ ಅಗಸಿ ಕಾನೂನು ಗೊತ್ತಿಲ್ಲ, ಗೌಡ್ರ."

ಆಕೆ ಹಗ್ಗವನ್ನು ಎಳೆಯಲಿಲ್ಲ, ಎತ್ತುಗಳೂ ನಿಲ್ಲಲಿಲ್ಲ. ಗೌಡ ಕೈ ಎತ್ತಿ ಏನೋ ಹೇಳಹೋದ. ತಳವಾರ ಅದನ್ನು ಬಿಡು ಎಂಬ ಸನ್ನೆಯೆಂದು ತಿಳಿದನೋ, ತಿಳಿದವನಂತೆ ಮಾಡಿದನೋ, ಕೋಲನ್ನು ಕೆಳಗಿಳಿಸಿದ. ದಮಣಿ ಅಗಸಿಯನ್ನು ದಾಟಿ, ಗೌಡನ ಮನೆಯ ಹೆಬ್ಬಾಗಿಲಿಗೆ ಹೋಗಿ ನಿಂತಿತು.

ಹಗಲು ಮೂರನೆಯ ಪ್ರಹರಕ್ಕೆ ಬಾಳವ್ವ ಹೆತ್ತಳು. ಕೂಸು ಸಣ್ಣದಿತ್ತು, ಉಸಿರು ತಡೆದು ನೀಲಿಯಾಗಿತ್ತು. ಕಳಕವ್ವ ಅದರ ಬಾಯಿಯಲ್ಲಿ ಕಿರುಬೆರಳಾಡಿಸಿ, ಅಂಗಾಲು ತಟ್ಟಿ, ಮೂಗಿಗೆ ಊದಿ ಅಳಿಸಿದಳು. ಗೌಡನ ಹೆಂಡತಿ ಗೌರವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು, ಕೂಸಿನ ಅಳು ಕೇಳಿ ತಾನೂ ಅತ್ತಳು.

"ಏನವ್ವಾ?"

"ಹೆಣ್ಣು, ಗೌರವ್ವಾ. ಗಟ್ಟಿ ಹೆಣ್ಣು."

ಕಳಕವ್ವ ಕೈ ತೊಳೆದುಕೊಂಡು ಪಡಸಾಲೆಗೆ ಬಂದಳು. ಗೌಡ ಅಲ್ಲಿ ಕಾದಿದ್ದ. ಅವನ ಮುಂದೆ ಒಂದು ಹೊಸ ಸೀರೆ, ಮೊರದ ತುಂಬ ಜೋಳ. ಹೊರಗೆ ಅವನ ಸ್ವಂತ ದಮಣಿಗೆ ಬಿಳಿ ಎತ್ತುಗಳನ್ನು ಹೂಡಿ ನಿಲ್ಲಿಸಿತ್ತು.

"ಹೆಣ್ಣಾದರೂ ಗಂಡು ಹುಟ್ಟಿದಂಗ ಕಳಸ್ತೀನಿ, ಕಳಕವ್ವಾ. ನಮ್ಮ ದಮಣ್ಯಾಗ ಕೂಡು. ನಿನ್ನ ಮನಿ ಬಾಗಲಾ ಮುಟ್ಟಿಸಿ ಬರ್ತಾರ. ನಿನ್ನ ಆಯಕ್ಕೂ ಏನೂ ಆಗೂದಿಲ್ಲ. ನಿನ್ನ ಗಾಡಿ ಮಾತ್ರ ಆಳು ಹಿಂದಿನ ಓಣಿಯಿಂದ ಹೊರಗ ಹೊಡಕೊಂಡು ಹೋಗ್ತಾನ. ಮುಂದ ಅದು ಹೊರಗ ಇರಲಿ."

ಮೂವತ್ತೊಂದು ವರ್ಷದಲ್ಲಿ ಯಾವ ಮನೆಯೂ ಹೆಣ್ಣು ಕೂಸಿಗೆ ಇಷ್ಟನ್ನು ಕೊಟ್ಟಿರಲಿಲ್ಲ. ಇದಕ್ಕಾಗಿಯೇ ಅಲ್ಲವೇ ಆಕೆ ಹಳ್ಳದ ನೀರಿನಲ್ಲಿ ಕೂತು ಕುದಿದದ್ದು? ಕಳಕವ್ವ ಸೀರೆಯನ್ನು ನೋಡಿದಳು; ಚಲೋ ಸೀರೆ. ನೋವಿನ ಮೊಣಕಾಲನ್ನು ತಿಕ್ಕಿಕೊಂಡಳು. ಆಮೇಲೆ ಹೇಳಿದಳು:

"ಗೌಡ್ರ, ಇವತ್ತು ನೀವು ಕೊಟ್ಟಿದ್ದು ನಾಳಿಗೆ ನೀವ ತಗೋಬಹುದು. ಆ ಗಾಲಿ ಹಳಿ ಯಾರೂ ಕೊಟ್ಟಿದ್ದಲ್ಲ, ನಾವು ಕೂಡಿಸಿದ್ದು. ಸೀರಿ ನನಗ ಬ್ಯಾಡ. ಬಾಳವ್ವನ ಹಳೇ ಸೀರಿ ಕೊಡಸ್ರಿ, ಕೌದಿಗೆ ಒಂದು ತುಂಡು ಬೇಕು. ನಾ ಕೂತು ಬಂದೇನಿ, ಕೂತು ಹೋಗ್ತೀನಿ. ಮುಂದಿನ ಬಾಗಲದಿಂದನ."

"ಹಂಗಾದರ ನಿನ್ನ ಆಯ..."

"ನಿಲ್ಲಸ್ರಿ."

ಆ ಮಾತು ಎಲ್ಲಿಗೆ ಹೋಗುತ್ತಿತ್ತೋ ಹೇಳಲಾಗದು. ಅಷ್ಟರಲ್ಲಿ ಗೌರವ್ವ ಬಾಣಂತಿಯ ಕೋಣೆಯಿಂದ ಹೊರಗೆ ಬಂದಳು. ಆಕೆಯ ಸೊಂಟದ ಮೇಲೆ ನೀರಿನ ಕೊಡವಿತ್ತು, ಹೆಗಲ ಮೇಲೆ ಬಾಳವ್ವನ ಹಳೆಯ ಸೀರೆ. ಗಂಡನ ಮುಂದೆಯೇ ಹಾದು ಹೆಬ್ಬಾಗಿಲಿನ ಹೊರಗೆ ಹೋದಳು. ಕೌದಿಯ ಬಲಬದಿಯಲ್ಲಿ ಕೆಂಪಂಚಿನ ಕಪ್ಪು ತುಂಡೊಂದಿತ್ತು. ಹದಿನೆಂಟು ವರ್ಷದ ಹಿಂದೆ ಇದೇ ಬಾಳವ್ವನನ್ನು ಹೆತ್ತಾಗ ತಾನುಟ್ಟಿದ್ದ, ಗಜೇಂದ್ರಗಡದ ಮಗ್ಗದ ಸೀರೆಯ ತುಂಡು ಅದು. ಗೌರವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ದಮಣಿಯ ಎರಡು ಗಾಲಿಗಳಿಗೂ ನೀರು ಹಾಕಿದಳು. ಗಾಲಿಗೆ ನೀರು ಹಾಕಿ ಕಳಿಸುವುದು ಅಳಿಯನ ಗಾಡಿಗೆ, ಬೀಗರ ಗಾಡಿಗೆ ಸಲ್ಲುವ ಮರ್ಯಾದೆ; ಊರಲ್ಲಿ ಅದನ್ನು ಅರಿಯದವರಿಲ್ಲ.

"ನನ್ನ ಮಗಳು ಹುಟ್ಟಿದ ದಿನಾ ನೀ ನಡಕೊಂತ ಹೋಗಿದ್ದಿ, ಕಳಕವ್ವಾ" ಎಂದಳು ಗೌರವ್ವ. "ನಾ ಕಿಡಿಕ್ಯಾಗಿಂದ ನೋಡೀನಿ. ಹತ್ತು ಇನ್ನ."

ಕಳಕವ್ವ ಹತ್ತಿದಳು. ಗೌಡ ಹೆಬ್ಬಾಗಿಲಲ್ಲಿ ನಿಂತಿದ್ದ. ಹೆಂಡತಿ ನೀರು ಹಾಕಿದ ಗಾಲಿಯನ್ನು ಊರಿನ ಎದುರಿಗೆ ತಡೆಯುವುದು ಅವನಿಂದಾಗಲಿಲ್ಲ. ಗಿಡ್ಡ ಕೆಂದೆತ್ತು, ಎತ್ತರದ ಬಿಳಿ ಎತ್ತು ಎರಡೂ ಹೆಜ್ಜೆ ಹಾಕಿದವು. ಕಟ್ಟೆಯ ಮೇಲಿದ್ದವರಲ್ಲಿ ಅಜ್ಜಪ್ಪನೊಬ್ಬನೇ ಎದ್ದು ನಿಂತ. ಅವನು ನೋಡಿದ್ದು ಕಳಕವ್ವನನ್ನಲ್ಲ, ಗಾಲಿ ನೆಟ್ಟಗೆ ಉರುಳುತ್ತಿದೆಯೇ ಎಂಬುದನ್ನು.

ಆ ವರ್ಷದ ಸುಗ್ಗಿಯಲ್ಲಿ ಗೌಡ ಆಕೆಯ ಆಯವನ್ನು ನಿಲ್ಲಿಸಿದ. ಇದೂ ನಿಜವೇ, ಮುಚ್ಚಿಡಬೇಕಾದದ್ದಲ್ಲ. ಕಣಗಳಿಂದ ಬರಬೇಕಾದ ಕಾಳು ಬರಲಿಲ್ಲ. ಬದಲಾಗಿ ಹೆಂಗಸರು ಸೆರಗಿನಲ್ಲಿ ಕಟ್ಟಿ ತಂದು ಕೊಟ್ಟರು. ಮರುವರ್ಷ ಗೌಡ ಏನೂ ಹೇಳದೆ ಆಯವನ್ನು ಮತ್ತೆ ಅಳೆಸಿದ. ಅವನ ಮನಸ್ಸು ಕರಗಿತೆಂದು ಹೇಳುವವರು ಕಳಕವ್ವನ ಜೊತೆಗೆ ಗೌರವ್ವನನ್ನೂ ಅರಿಯದವರು.

ಅನಂತರ ಏಳು ವರ್ಷ ಆಕೆ ಆ ದಮಣಿಯಲ್ಲಿ ಊರೂರು ತಿರುಗಿದಳು. ಕರೆಯಲು ಬಂದವರು ಚಕ್ಕಡಿಯ ಮಾತೆತ್ತಿದರೆ ಬೇಡವೆನ್ನುತ್ತಿದ್ದಳು. ಗಂಡು ಹುಟ್ಟಲಿ ಹೆಣ್ಣು ಹುಟ್ಟಲಿ, ಹೋದಂತೆಯೇ ತಿರುಗಿ ಬರುತ್ತಿದ್ದಳು. ರಾತ್ರಿಯಿಡೀ ನಿದ್ದೆಗೆಟ್ಟು ಮೊಣಕಾಲು ಮಡಚಲು ಬಾರದ ದಿನಗಳಲ್ಲೂ ಒಂದು ಕ್ರಮವನ್ನು ಆಕೆ ತಪ್ಪಿಸಲಿಲ್ಲ. ಅಗಸಿಯಿಂದ ಆಕೆಯ ಮನೆಗೆ ಹಿಂದಿನ ಓಣಿ ಹಿಡಿದರೆ ಅರ್ಧದಷ್ಟೇ ಹಾದಿ. ಗೌಡನ ಮನೆಯ ಮುಂದಿನಿಂದ ಹೋದರೆ ಊರನ್ನೇ ಸುತ್ತಬೇಕು. ಹಿಂದಿನ ಓಣಿಯಲ್ಲಿ ಆ ದಮಣಿಯ ಗಾಲಿಯ ಗುರುತನ್ನು ಒಬ್ಬರೂ, ಒಂದು ದಿನವೂ, ಕಂಡವರಿಲ್ಲ.